ಕಂಪನಿ ಕಂಪ್ಯೂಟರ್‌ಗಳಲ್ಲಿ ಪವರ್‌ಶೆಲ್ ದುರ್ಬಳಕೆ ತಡೆಯಲು ಅದನ್ನು ಬ್ಲಾಕ್ ಮಾಡಿದರೆ ಸಾಕಾ, ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾ?

ಎರಡೂ ಬೇಡ, ಸದ್ಯಕ್ಕಂತೂ ಬೇಡ. ಪವರ್‌ಶೆಲ್ ಅಂದರೆ ಕಮಾಂಡ್ ಬರೆದು ಕಂಪ್ಯೂಟರ್ ನಡೆಸುವ, ವಿಂಡೋಸ್‌ನಲ್ಲೇ ಬರುವ ಸಾಧನ. ಒಬ್ಬರೇ ಐಟಿ ನೋಡಿಕೊಳ್ಳೋದು, ಬ್ರಾಂಚ್ ದೂರ, ಎಲ್ಲ ಕೆಲಸ ರಿಮೋಟ್‌ನಲ್ಲೇ ಅಂತ ಬರೆದಿದ್ದೀರಲ್ಲ, ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನ್ನ ಕೆಲಸವೂ ಹಾಗೇ ಇತ್ತು. ಸಕಲೇಶಪುರದ ಕಡೆ ನಮ್ಮದೊಂದು ಡಿಪೋ. ಪ್ರಿಂಟರ್ ಕೈಕೊಟ್ಟಾಗೆಲ್ಲ ಬಸ್ ಹತ್ತೋಕಾಗುತ್ತಾ? ಪವರ್‌ಶೆಲ್ ರಿಮೋಟಿಂಗ್, ಅಂದರೆ ದೂರದ ಕಂಪ್ಯೂಟರ್‌ನಲ್ಲಿ ಕಮಾಂಡ್ ಓಡಿಸುವ ಸೌಲಭ್ಯ, ಆನ್ ಮಾಡಿಕೊಂಡು ಕೂತಲ್ಲಿಂದಲೇ ಎಲ್ಲ ನೋಡಿಕೊಳ್ಳುತ್ತಿದ್ದೆ.

ಜನವರಿ ತಿಂಗಳು, ಸೀಸನ್ ಜೋರು. ಪಾರ್ಚ್‌ಮೆಂಟ್ ಕಾಫಿ ತುಂಬಿದ ಲಾರಿಗಳು ವೇಬ್ರಿಡ್ಜ್ ಮುಂದೆ ಸಾಲುಗಟ್ಟಿದ್ದವು. ಅಕೌಂಟ್ಸ್ ಮೇಡಂ ಬಂದು, "ಸಾರ್, ನನ್ನ ಸಿಸ್ಟಂ ಡಿಸ್ಕ್ ಫುಲ್ ಅಂತಿದೆ, ನೋಡ್ತೀರಾ" ಅಂದರು. ನೋಡಿದರೆ ವಿಂಡೋಸ್‌ನ ಟೆಂಪ್ ಫೋಲ್ಡರ್‌ನಲ್ಲಿ ದೊಡ್ಡದೊಂದು ಜಿಪ್ ಫೈಲ್. ಒಳಗೆ ಬೆಳೆಗಾರರ ಪೇಮೆಂಟ್ ಲೆಕ್ಕ, ಬ್ಯಾಂಕ್ ಖಾತೆ ನಂಬರ್, ಎಲ್ಲ. ಆಂಟಿವೈರಸ್ ಒಂದು ಮಾತೂ ಹೇಳಿರಲಿಲ್ಲ. ಹೇಳುವುದಾದರೂ ಏನು? ಅಲ್ಲಿ ವೈರಸ್ಸೇ ಇರಲಿಲ್ಲ.

ವಿಂಡೋಸ್ ತನ್ನಲ್ಲಿ ನಡೆದದ್ದನ್ನು ನಂಬರ್ ಹಾಕಿ ಬರೆದಿಡುವ ದಾಖಲೆಯೇ ಲಾಗ್, ಒಂದೊಂದು ದಾಖಲೆ ಒಂದು ಈವೆಂಟ್. ಸಿಸ್ಟಂ ಲಾಗ್ ತೆಗೆದೆ. ನಡುರಾತ್ರಿ 7045 ನಂಬರಿನ ಈವೆಂಟ್, ಅಂದರೆ ಹೊಸ ಸರ್ವಿಸ್ ಇನ್‌ಸ್ಟಾಲ್ ಆಗಿದೆ. ಹೆಸರು ಪಿಎಸ್‌ಇಎಕ್ಸ್‌ಇಎಸ್‌ವಿಸಿ. ದೂರದ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಓಡಿಸುವ ಮೈಕ್ರೋಸಾಫ್ಟ್‌ನದೇ ಸಾಧನ ಪಿಎಸ್‌ಎಕ್ಸೆಕ್, ಅದನ್ನು ಬಳಸಿದಾಗ ಆ ಕಡೆಯ ಕಂಪ್ಯೂಟರ್‌ನಲ್ಲಿ ಬೀಳುವ ಗುರುತು ಅದು. ನಾನು ಪಿಎಸ್‌ಎಕ್ಸೆಕ್ ಬಳಸಿದವನೇ ಅಲ್ಲ. ಸೆಕ್ಯುರಿಟಿ ಲಾಗ್‌ನಲ್ಲಿ ಅದೇ ಹೊತ್ತಿಗೆ 4624, ಲಾಗಿನ್ ಟೈಪ್ 3, ಅಂದರೆ ನೆಟ್‌ವರ್ಕ್ ಮೂಲಕ ಯಾರೋ ಲಾಗಿನ್ ಆಗಿದ್ದಾರೆ. ಬಂದದ್ದು ವೇಬ್ರಿಡ್ಜ್ ಕಂಪ್ಯೂಟರ್‌ನಿಂದ, ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ. ಎಲ್ಲ ಕಂಪ್ಯೂಟರ್‌ಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇತ್ತು, ಒಂದು ಸಿಕ್ಕರೆ ಎಲ್ಲವೂ ಸಿಕ್ಕ ಹಾಗೆ. ಯಾವ ಪ್ರೋಗ್ರಾಂ ಯಾವಾಗ ಓಡಿತು ಅಂತ ತೋರಿಸುವ ಪ್ರಿಫೆಚ್ ಫೈಲ್ ನೋಡಿದರೆ ಅದೇ ಹೊತ್ತಿಗೆ ಪವರ್‌ಶೆಲ್ ಓಡಿತ್ತು.

ಇನ್ನೇನು, ಪವರ್‌ಶೆಲ್ ಲಾಗ್ ತೆಗೆದರೆ ಏನು ಮಾಡಿದ್ದಾರೆ ಅಂತ ಅಕ್ಷರ ಅಕ್ಷರ ಸಿಗುತ್ತದೆ ಅಂದುಕೊಂಡೆ. ಪವರ್‌ಶೆಲ್‌ನಲ್ಲಿ ಓಡಿದ್ದನ್ನೆಲ್ಲ ಬರೆದಿಡುವ ಸ್ಕ್ರಿಪ್ಟ್ ಬ್ಲಾಕ್ ಲಾಗಿಂಗ್ ಮೊದಲೇ ಆನ್ ಮಾಡಿಟ್ಟಿದ್ದೆ. ಆದರೆ ತೆಗೆದಾಗ ಅಲ್ಲಿದ್ದದ್ದು ಪೂರ್ತಿ ನನ್ನದೇ ಸ್ಕ್ರಿಪ್ಟ್.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಪ್ರತಿ ಗಂಟೆಗೊಮ್ಮೆ ಎಲ್ಲ ಕಂಪ್ಯೂಟರ್‌ಗೆ ಹೋಗಿ ಡಿಸ್ಕ್, ಅಪ್‌ಡೇಟ್, ಪ್ರಿಂಟರ್ ಲೆಕ್ಕ ತರುವ ಸ್ಕ್ರಿಪ್ಟ್ ಬರೆದಿದ್ದೆ. ರಿಮೋಟ್‌ನಲ್ಲಿ ಸ್ಕ್ರಿಪ್ಟ್ ಓಡಿಸಿದಾಗ ಅದರ ಪೂರ್ತಿ ಪಠ್ಯ ಆ ಕಡೆಯ ಕಂಪ್ಯೂಟರ್‌ನಲ್ಲಿ 4104 ಈವೆಂಟ್ ಆಗಿ ದಾಖಲಾಗುತ್ತದೆ. ಉದ್ದ ಜಾಸ್ತಿ ಇದ್ದರೆ ತುಂಡು ತುಂಡಾಗಿ ಹಲವು ಈವೆಂಟ್. ನನ್ನದು ಉದ್ದವೇ ಇತ್ತು. ಆ ಲಾಗ್‌ನ ಡಿಫಾಲ್ಟ್ ಗಾತ್ರ 15 ಎಂಬಿ ಅಷ್ಟೇ. ತುಂಬಿದರೆ ಹಳೆಯದು ಅಳಿದು ಹೊಸದು ಕೂರುತ್ತದೆ. ಗಂಟೆಗೊಂದು ಸಲ ನಾನೇ ಅದನ್ನು ತುಂಬಿಸುತ್ತಾ ಇದ್ದೆ. ಕಳ್ಳನಿಗೆ ಲಾಗ್ ಅಳಿಸುವ ಅಗತ್ಯವೂ ಇರಲಿಲ್ಲ, ಅಳಿಸಿದ್ದರೆ ಸಿಸ್ಟಂ ಲಾಗ್‌ನಲ್ಲಿ 104 ಈವೆಂಟ್ ಆದರೂ ಬರುತ್ತಿತ್ತೇನೋ. ಗಾತ್ರ ಹೆಚ್ಚಿಸಲಿಲ್ಲ, ಲಾಗ್‌ನ ಪ್ರತಿಯನ್ನು ಬೇರೆ ಕಡೆ ಕಳಿಸಲಿಲ್ಲ, ಲಾಗಿಂಗ್ ಆನ್ ಇದೆ ಅಂತ ನೆಮ್ಮದಿಯಾಗಿದ್ದೆ. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ಆ ಫೈಲ್ ಹೊರಗೆ ಹೋಯ್ತಾ ಇಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಿದೆ ಅಂತಲೇ ಲೆಕ್ಕ ಹಾಕಿ ಬೆಳೆಗಾರರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಎಲ್ಲ ಕಂಪ್ಯೂಟರ್ ಫಾರ್ಮ್ಯಾಟ್. ವೇಬ್ರಿಡ್ಜ್ ಚೀಟಿ ಕೈಯಲ್ಲಿ ಬರೆದೆವು.

ಈಗ ನಿಮ್ಮ ಪ್ರಶ್ನೆಗೆ. ಪವರ್‌ಶೆಲ್ ಬ್ಲಾಕ್ ಮಾಡಿದರೆ ನಿಮ್ಮ ಕೈ ಕಟ್ಟುತ್ತದೆಯೇ ಹೊರತು ಅವರದ್ದಲ್ಲ. ಅದರ ಎಂಜಿನ್ ಒಂದು ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್), ಬೇರೆ ಪ್ರೋಗ್ರಾಂನಿಂದಲೂ ಅದನ್ನು ಕರೆಯಬಹುದು. ದೂರದಿಂದ ಕಂಪ್ಯೂಟರ್ ನಿರ್ವಹಿಸಲು ವಿಂಡೋಸ್‌ನಲ್ಲೇ ಇರುವ ಡಬ್ಲ್ಯೂಎಂಐ, ಜೊತೆಗೆ ಪಿಎಸ್‌ಎಕ್ಸೆಕ್ ಇದ್ದೇ ಇರುತ್ತವೆ. 2017ರ ನಾಟ್‌ಪೆಟ್ಯ ಅನ್ನುವ ಮಾಲ್‌ವೇರ್ ಕಂಪ್ಯೂಟರಿಂದ ಕಂಪ್ಯೂಟರಿಗೆ ಹಬ್ಬಲು ಬಳಸಿದ್ದರಲ್ಲಿ ಅವೆರಡೂ ಇದ್ದವು. ಯಾವ ಸ್ಕ್ರಿಪ್ಟ್ ಓಡಬಹುದು ಅಂತ ಹೇಳುವ ಎಕ್ಸಿಕ್ಯೂಷನ್ ಪಾಲಿಸಿಯನ್ನಂತೂ ನಂಬಲೇಬೇಡಿ, ಬೈಪಾಸ್ ಅಂತ ಒಂದು ಪದ ಸೇರಿಸಿದರೆ ಮುಗಿಯಿತು.

ಬದಲಿಗೆ ನಿಮ್ಮ ಕೆಲಸ ಲಾಗ್‌ನಲ್ಲಿ ಹೇಗೆ ಕಾಣುತ್ತದೆ ಅಂತ ಕೂತು ನೋಡಿ. ರಿಮೋಟಿಂಗ್‌ನಲ್ಲಿ ಬಂದ ಕೆಲಸ ಆ ಕಡೆ ಡಬ್ಲ್ಯೂಎಸ್‌ಎಂಪ್ರೊವ್‌ಹೋಸ್ಟ್ ಅನ್ನುವ ಪ್ರೋಗ್ರಾಂ ಒಳಗೆ ನಡೆಯುತ್ತದೆ, ಬಾಗಿಲು 5985 ಮತ್ತು 5986 ಪೋರ್ಟ್. ಆ ಪೋರ್ಟ್‌ಗೆ ನಿಮ್ಮ ಒಂದು ಕಂಪ್ಯೂಟರ್‌ನಿಂದ ಮಾತ್ರ ಬರಲು ಬಿಡುವ ಹಾಗೆ ಪ್ರತಿ ಕಂಪ್ಯೂಟರ್‌ನ ಫೈರ್‌ವಾಲ್‌ನಲ್ಲಿ ಬರೆಯಿರಿ. ಆಮೇಲೆ ಗುಮಾಸ್ತರ ಕಂಪ್ಯೂಟರ್ ಅಕೌಂಟ್ಸ್ ಕಂಪ್ಯೂಟರ್‌ನ ಬಾಗಿಲು ತಟ್ಟಿದರೆ ಅದೇ ಸುದ್ದಿ. 7045ರಲ್ಲಿ ಪರಿಚಯವಿಲ್ಲದ ಯಾವ ಹೆಸರು ಬಂದರೂ ನೋಡಿ, ಪಿಎಸ್‌ಎಕ್ಸೆಕ್ ತನ್ನ ಸರ್ವಿಸ್ ಹೆಸರನ್ನು ಬದಲಿಸಿಕೊಳ್ಳಬಲ್ಲದು. ಹೊಸ ಪ್ರೋಗ್ರಾಂ ಶುರುವಾದಾಗ ಬೀಳುವ 4688 ಈವೆಂಟ್‌ನಲ್ಲಿ ಕಮಾಂಡ್ ಲೈನ್ ಬರುವ ಹಾಗೆ ಮಾಡಿ. ಅಲ್ಲಿ ಎನ್‌ಕೋಡೆಡ್ ಕಮಾಂಡ್ ಅಂತ ಅರ್ಥವಾಗದ ಅಕ್ಷರಗಳ ಉದ್ದದ ಸಾಲು (ಬೇಸ್64 ರೂಪ) ಕಂಡರೆ ಹೆದರಬೇಡಿ, ಬಿಚ್ಚಿದ ಮೇಲಿನ ರೂಪ 4104ರಲ್ಲಿ ಸಿಗುತ್ತದೆ. ಪವರ್‌ಶೆಲ್ 2.0 ಇದ್ದರೆ ಇವತ್ತೇ ತೆಗೆಯಿರಿ, ಅದರಲ್ಲಿ ಓಡಿಸಿದ್ದು 4104ಕ್ಕೆ ಬರುವುದೇ ಇಲ್ಲ. ಅಡ್ಮಿನ್ ಪಾಸ್‌ವರ್ಡ್ ಒಂದೊಂದು ಕಂಪ್ಯೂಟರ್‌ಗೆ ಒಂದೊಂದು ಇರಲು ಲ್ಯಾಪ್ಸ್ (ಮೈಕ್ರೋಸಾಫ್ಟ್‌ನ ಅಡ್ಮಿನ್ ಪಾಸ್‌ವರ್ಡ್ ನಿರ್ವಹಣೆ ಸೌಲಭ್ಯ) ಹಾಕಿ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ಅದು ವಿಂಡೋಸ್‌ನಲ್ಲೇ ಇದೆ.

ಎಲ್ಲಕ್ಕಿಂತ ಮೊದಲು ಲಾಗ್ ಗಾತ್ರ ನೂರಾರು ಎಂಬಿಗೆ ಏರಿಸಿ, ಈವೆಂಟ್ ಫಾರ್ವರ್ಡಿಂಗ್‌ನಲ್ಲಿ ಬೇರೊಂದು ಸರ್ವರ್‌ಗೆ ಕಳಿಸಿ. ವಿಂಡೋಸ್‌ನಲ್ಲೇ ಇರುವ ಸೌಲಭ್ಯ, ಕಾಸು ಕೊಡಬೇಕಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ ಲಾಗ್ 180 ದಿನ ಇಡಬೇಕು, ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಕೈಯಲ್ಲಿ ಲಾಗ್ ಇಲ್ಲದೆ ಏನಂತ ತಿಳಿಸುತ್ತೀರಿ?

ನಿಮ್ಮದು ಡೊಮೈನಾ (ಎಲ್ಲ ಕಂಪ್ಯೂಟರ್ ಒಂದು ಸರ್ವರ್ ಹಿಡಿತದಲ್ಲಿ), ವರ್ಕ್‌ಗ್ರೂಪಾ (ಒಂದೊಂದೂ ಬಿಡಿಬಿಡಿ) ಅಂತ ಬರೆದಿಲ್ಲ. ಡೊಮೈನ್ ಇದ್ದರೆ ಫಾರ್ವರ್ಡಿಂಗ್ ಗ್ರೂಪ್ ಪಾಲಿಸಿಯಲ್ಲೇ, ಅಂದರೆ ಒಂದೇ ಕಡೆಯಿಂದ ಎಲ್ಲಕ್ಕೂ ಸೆಟ್ಟಿಂಗ್ ಕಳಿಸಿ, ಆಗುತ್ತದೆ. ವರ್ಕ್‌ಗ್ರೂಪ್ ಆದರೆ ಪ್ರತಿ ಕಂಪ್ಯೂಟರ್‌ಗೂ ಸರ್ಟಿಫಿಕೇಟ್ ಬೇಕು. ಅದು ಯಾವುದು ಅಂತ ಹೇಳಿ, ಹಂತ ಹಂತವಾಗಿ ಬರೆದುಕೊಡುತ್ತೇನೆ.