ಇಳಿದರೆ ಮಾತ್ರ ಲೆಕ್ಕ

ಪ್ರಶ್ನೆ: ನಮ್ಮ ಯಜಮಾನರ ಕೆಲಸದ ಮೇಲೆ ಲಂಡನ್ನಿಗೆ ಬಂದಿದ್ದೇವೆ, ಇನ್ನೂ ಒಂದೂವರೆ ವರ್ಷ ಇಲ್ಲೇ ಇರುತ್ತೇವೆ. ಇಲ್ಲಿನ ಟ್ಯೂಬ್ ಅನ್ನುವ ಅಂಡರ್‌ಗ್ರೌಂಡ್ ರೈಲಿನ ಎಲ್ಲಾ ಸ್ಟೇಷನ್‌ಗಳನ್ನೂ ಶನಿವಾರ, ಭಾನುವಾರ ನಿಧಾನವಾಗಿ ನೋಡಿ ಮುಗಿಸಬೇಕು ಅಂತ ನನಗೊಂದು ಹುಚ್ಚು. ಇವರು "ಒಂದು ನೋಡಿದರೆ ಎಲ್ಲಾ ನೋಡಿದ ಹಾಗೆ, ಸುಮ್ನೆ ದುಡ್ಡು ದಂಡ" ಅಂತಾರೆ. ರೈಲಿನಲ್ಲಿ ಹಾದು ಹೋದರೆ ಲೆಕ್ಕವೇ, ಇಳಿಯಲೇಬೇಕೇ?
– ಓದುಗರೊಬ್ಬರು, ಲಂಡನ್

ಉತ್ತರ: ಇಳಿಯಲೇಬೇಕು. ಇಳಿದು, ಗೇಟು ದಾಟಿ, ಬೀದಿಗೆ ಬಂದು ಹಿಂದಿರುಗಿ ನೋಡಬೇಕು. ರೈಲಿನ ಕಿಟಕಿಯಿಂದ ನೋಡಿದರೆ ನಿಮ್ಮ ಯಜಮಾನರು ಹೇಳಿದ್ದೇ ನಿಜ, ಎಲ್ಲಾ ಒಂದೇ ಥರ. ಈಗ ಇರುವುದು 272 ಸ್ಟೇಷನ್. ನಿಮ್ಮ ಕೈಯಲ್ಲಿರುವುದು ಹತ್ತಿರ ಹತ್ತಿರ 78 ವಾರ. ವಾರಕ್ಕೆ ನಾಲ್ಕು ನೋಡಿದರೂ ಮಳೆ, ಜ್ವರ, ನೆಂಟರು ಅಂತ ಎಂಟು ಹತ್ತು ವಾರ ತಪ್ಪಿಸಬಹುದು.

ನಾನು ಈ ಹುಚ್ಚು ಹಿಡಿಸಿಕೊಂಡಾಗ ಮೊದಮೊದಲು ಒಂದೇ ದಿನಕ್ಕೆ ಇಪ್ಪತ್ತು ಸ್ಟೇಷನ್ ಹತ್ತಿಳಿದೆ. ರಾತ್ರಿ ಮನೆಗೆ ಬಂದು ನೆನಪು ಮಾಡಿಕೊಂಡರೆ ಎಸ್ಕಲೇಟರ್ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ! ಆಮೇಲೆ ಒಂದು ಉಪಾಯ ಸಿಕ್ಕಿತು. 2013ರಲ್ಲಿ ಈ ರೈಲಿಗೆ 150 ವರ್ಷ ತುಂಬಿದಾಗ ಮಾರ್ಕ್ ವಾಲಿಂಜರ್ ಅನ್ನುವ ಕಲಾವಿದ ಆಗಿದ್ದ 270 ಸ್ಟೇಷನ್‌ಗಳಿಗೂ ಒಂದೊಂದು ಚಕ್ರವ್ಯೂಹದ ಚಿತ್ರ ಮಾಡಿಕೊಟ್ಟ. ಕಪ್ಪು ಬಿಳುಪಿನ ಎನಾಮಲ್ ಫಲಕ, ಒಳಗೆ ಹೋಗುವ ಜಾಗದಲ್ಲಿ ಕೆಂಪು ಗುಣಾಕಾರದ ಗುರುತು, ಕೆಳಗೆ ಕೈಬರಹದಲ್ಲಿ ಒಂದು ನಂಬರ್. ಒಂದರ ಹಾಗೆ ಇನ್ನೊಂದಿಲ್ಲ. ಅದು ಕೆಲವು ಕಡೆ ಟಿಕೆಟ್ ಮಷಿನ್ ಪಕ್ಕದಲ್ಲೇ ಇರುತ್ತದೆ, ಕೆಲವು ಕಡೆ ಯಾವುದೋ ಮೂಲೆಯಲ್ಲಿ. ಅದನ್ನು ಹುಡುಕುತ್ತಾ ಓಡಾಡುವಾಗಲೇ ಗೋಡೆ, ಗಡಿಯಾರ, ಹಳೇ ಟಿಕೆಟ್ ಕಿಟಕಿ ಎಲ್ಲಾ ಕಣ್ಣಿಗೆ ಬೀಳುತ್ತವೆ. ಸಿಕ್ಕ ಮೇಲೆ ಕೆಂಪು ಗುರುತಿನಿಂದ ನಡುವಿನವರೆಗೆ ಬೆರಳಾಡಿಸಿ ಬಂದರೆ ನನ್ನ ಲೆಕ್ಕದಲ್ಲಿ ಆ ಸ್ಟೇಷನ್ ಮುಗಿಯಿತು.

"ಎಲ್ಲಾ ಒಂದೇ" ಅನ್ನುವವರನ್ನು ಒಂದು ದಿನ ಹ್ಯಾಂಪ್‌ಸ್ಟೆಡ್‌ಗೂ ಸೌತ್‌ಗೇಟ್‌ಗೂ ಕರೆದುಕೊಂಡು ಹೋಗಿ. ಹ್ಯಾಂಪ್‌ಸ್ಟೆಡ್ 1907ರದ್ದು, ಹೊರಗೋಡೆಗೆ ಹೆಪ್ಪುಗಟ್ಟಿದ ರಕ್ತದ ಬಣ್ಣದ ಹೊಳೆಯುವ ಟೈಲ್ಸ್. ಲೆಸ್ಲಿ ಗ್ರೀನ್ ಅನ್ನುವ ವಾಸ್ತುಶಿಲ್ಪಿ ಇಂಥವನ್ನು ಸಾಲಾಗಿ ಕಟ್ಟಿಸಿ, ಪಾಪ, 33ನೇ ವಯಸ್ಸಿಗೇ ತೀರಿಕೊಂಡ. ಮೇಲೆ ಮುಂದೆ ಆಫೀಸು ಕಟ್ಟಲಿ ಅಂತಲೇ ಉಕ್ಕಿನ ಚೌಕಟ್ಟು ಹಾಕಿ, ಮಾಳಿಗೆ ಮಟ್ಟಸ ಬಿಟ್ಟಿದ್ದ. ಹ್ಯಾಂಪ್‌ಸ್ಟೆಡ್‌ನ ಪ್ಲಾಟ್‌ಫಾರಂ 58 ಮೀಟರ್ ಕೆಳಗೆ, ಇಡೀ ಟ್ಯೂಬಿನಲ್ಲೇ ಅತಿ ಆಳ. ಗುಂಡಿ ಜಾಸ್ತಿ ತೋಡಿದ್ದರಿಂದಲ್ಲ, ಮೇಲೆ ಗುಡ್ಡ ಇರುವುದರಿಂದ. ಸೌತ್‌ಗೇಟ್ 1933ರದ್ದು, ಚಾರ್ಲ್ಸ್ ಹೋಲ್ಡನ್ ಮಾಡಿದ್ದು, ದುಂಡಗೆ, ಹಾರುವ ತಟ್ಟೆ ಬಂದು ಇಳಿದ ಹಾಗಿದೆ. ಇವೆರಡನ್ನು ನೋಡಿದ ಮೇಲೂ ಒಂದೇ ಅಂದರೆ ಮನೆಯಲ್ಲೇ ಬಿಟ್ಟು ಹೋಗಿ.

ಮ್ಯಾಪನ್ನು ಪೂರ್ತಿ ನಂಬಬೇಡಿ. ಹ್ಯಾರಿ ಬೆಕ್ 1931ರಲ್ಲಿ ಬರೆದ ಮಾದರಿಯದೇ ಇವತ್ತಿಗೂ ನಡೆಯುತ್ತಿದೆ, ಅದರಲ್ಲಿ ದೂರದ ಲೆಕ್ಕವೇ ಇಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಹಳಿ ಮೇಲೆ ಹೆಚ್ಚು ಕಡಿಮೆ 260 ಮೀಟರ್ ಅಷ್ಟೇ. ನಡೆದುಬಿಡಿ. ಊರ ನಡುವಿನ ಸ್ಟೇಷನ್‌ಗಳನ್ನೆಲ್ಲಾ ನಡೆದೇ ಜೋಡಿಸಿದರೆ ದುಡ್ಡೂ ಉಳಿಯಿತು, ಬೀದಿಯೂ ಗೊತ್ತಾಯಿತು, ಅಲ್ವಾ? ಅಂದಹಾಗೆ ಹೆಸರು ಅಂಡರ್‌ಗ್ರೌಂಡ್ ಅಂತ ಇದ್ದರೂ ಅರ್ಧಕ್ಕಿಂತ ಜಾಸ್ತಿ ಹಳಿ ಬಯಲಲ್ಲೇ ಇದೆ.

ದುಡ್ಡಿನ ಮಾತು. ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಮತ್ತೆ ಹಣ ಕಟ್ ಆಗುತ್ತದೆ. ಆದರೆ ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಅದು ಮುಟ್ಟಿದ ಮೇಲೆ ನೀವು ಓಡಾಡಿದ ದರದ ವಲಯಗಳೊಳಗೆ ಎಷ್ಟು ಸಲ ಹತ್ತಿಳಿದರೂ ಜಾಸ್ತಿ ಹೋಗುವುದಿಲ್ಲ. ಬೆಳಗ್ಗೆ ಗೇಟಿಗೆ ಕಾರ್ಡೋ ಫೋನೋ ಯಾವುದು ಮುಟ್ಟಿಸಿದಿರೋ ಅದನ್ನೇ ರಾತ್ರಿಯವರೆಗೂ ಮುಟ್ಟಿಸಿ. ನಾನೊಮ್ಮೆ ಒಳಗೆ ಹೋಗುವಾಗ ಕಾರ್ಡ್, ಹೊರಗೆ ಬರುವಾಗ ಫೋನ್ ಮುಟ್ಟಿಸಿ ಎರಡು ಕಡೆಯೂ ದಂಡ ತೆತ್ತಿದ್ದೇನೆ. ಪ್ಲಾಟ್‌ಫಾರಮ್ಮಿನಲ್ಲೇ ಗಂಟೆಗಟ್ಟಲೆ ಕೂತರೂ ಅಷ್ಟೇ, ಒಂದು ಪ್ರಯಾಣಕ್ಕೆ ಇಷ್ಟು ಹೊತ್ತು ಅಂತ ಇದೆ, ಮೀರಿದರೆ ಅತಿ ಹೆಚ್ಚಿನ ದರ ಬೀಳುತ್ತದೆ.

ದೂರದ ತುದಿ ಚೆಷಮ್ ಅನ್ನು ಬೇಸಿಗೆಗೆ ಇಟ್ಟುಕೊಳ್ಳಿ, ಹಗಲು ಉದ್ದ ಇರುತ್ತದೆ. ಒಂದೇ ಹಳಿ, ಅರ್ಧ ಗಂಟೆಗೊಂದು ರೈಲು. ಕೆನ್ಸಿಂಗ್ಟನ್ ಒಲಿಂಪಿಯಾಗೆ ಟ್ಯೂಬ್ ಹೋಗುವುದೇ ಹೆಚ್ಚಾಗಿ ಶನಿವಾರ, ಭಾನುವಾರ. ಅದು ನಿಮಗೆ ಅನುಕೂಲವೇ ಆಯಿತು. ಆದರೆ ರಿಪೇರಿ ಅಂತ ಹಳಿ ಮುಚ್ಚುವುದೂ ಅದೇ ಎರಡು ದಿನ, ಮನೆ ಬಿಡುವ ಮೊದಲು ಒಂದು ಸಲ ನೋಡಿಕೊಂಡು ಹೊರಡಿ.