ತೀರ್ಮಾನ ಮಾಡಿದವರು ಯಾರು?

ನಮಸ್ಕಾರ.

ನಿಮ್ಮ ‘ಡಿಜಿಟಲ್ ಯುಗ: ವರವೋ ಶಾಪವೋ’ ಲೇಖನ ಪೂರ್ತಿ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಕೃತಕ ಬುದ್ಧಿಮತ್ತೆ, ಡೀಪ್‌ಫೇಕ್, ಕ್ರಿಪ್ಟೊ, ಮುಖ ಗುರುತಿಸುವ ಕ್ಯಾಮೆರಾ, ಎಲ್ಲವೂ ಸುಮ್ನೆ ಬಂದು ಹೋಗುತ್ತವೆ. ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಐದನೇ ಪುಟದಲ್ಲಿ ಮಾತ್ರ ನಿಂತು ಎರಡು ಸಲ ಓದಿದೆ. ನಿಮ್ಮ ಅಜ್ಜಿ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಮೆಷಿನ್ ತಗೊಳ್ಳುವುದಿಲ್ಲ. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ‘ನಾಳೆ ಬಾ ಅಜ್ಜಿ’ ಅನ್ನುತ್ತಾರೆ ಅಂಗಡಿಯವರು. ಅಷ್ಟರಲ್ಲೇ ನೀವು ‘ಹೀಗೆ ತಂತ್ರಜ್ಞಾನವು ದುರ್ಬಲರನ್ನು ಹೊರಗಿಟ್ಟಿದೆ’ ಅಂತ ಬರೆದು ಯುರೋಪಿನ ಕಾನೂನಿಗೆ ಹೊರಟುಬಿಟ್ಟಿರಿ.

ಆ ವಾಕ್ಯಕ್ಕೇ ನನ್ನ ತಕರಾರು. ವಯಸ್ಸಾದ ಕೈಯಲ್ಲಿ, ಜಾಸ್ತಿ ದುಡಿದ ಕೈಯಲ್ಲಿ ಬೆರಳಿನ ಗೆರೆ ಸವೆದಿರುತ್ತದೆ. ಅಂಗಡಿಯ ಮೆಷಿನ್ ಆ ಗುರುತನ್ನು ಆಧಾರ್‌ನ ಕೇಂದ್ರ ಸಂಗ್ರಹಕ್ಕೆ ಕಳಿಸುತ್ತದೆ. ತಾಳೆ ಆಯಿತು ಅಥವಾ ಇಲ್ಲ ಅಂತ ಅಲ್ಲಿಂದ ಉತ್ತರ ಬರುತ್ತದೆ. ‘ಇಲ್ಲ’ ಅಂತ ಬಂದ ಮೇಲೆ ಅಕ್ಕಿ ಕೊಡಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಮನುಷ್ಯರು. ಒಟಿಪಿ ಕೇಳಿದರಾ? ಕಣ್ಣಿನ ಪಾಪೆ ನೋಡುವ ಯಂತ್ರ ಇತ್ತಾ? ಪುಸ್ತಕದಲ್ಲಿ ಬರೆದುಕೊಂಡು ಕೊಡಬಹುದಿತ್ತಾ? ಇಂಥ ಸಂದರ್ಭಕ್ಕೆ ಆಹಾರ ಇಲಾಖೆ ಅಂಗಡಿಯವರಿಗೆ ಏನು ಹೇಳಿದೆ? ಅವರನ್ನೂ ಮಾತಾಡಿಸಿ. ಸರ್ವರ್ ಕೈಕೊಟ್ಟ ದಿನ ಸಾಲಿನಲ್ಲಿ ನಿಂತವರಿಂದ ಬೈಸಿಕೊಳ್ಳುವುದು ಅವರೇ ಅಲ್ವಾ?

ಇದ್ಯಾವುದೂ ಲೇಖನದಲ್ಲಿ ಇಲ್ಲ. ‘ಜಾರಿಗೊಳಿಸಲಾಗಿದೆ’, ‘ಕಡೆಗಣಿಸಲಾಗಿದೆ’ ಅಂತ ಪುಟ ತುಂಬಾ ಇದೆ. ಹಾಗೆ ಬರೆದಲ್ಲೆಲ್ಲ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ. ಪ್ರತಿ ಸಲವೂ ಯಾರು ಅಂತ ಕೇಳಿಕೊಂಡು ಆ ವಾಕ್ಯಗಳನ್ನು ತಿದ್ದಿ.

ಖಾಸಗಿತನದ ಬಗ್ಗೆ ಬರೆಯುವಾಗಲೂ ದೂರ ಹೋಗಿದ್ದೀರಿ. ಜನರ ಮಾಹಿತಿ ಕಾಪಾಡುವ ಯುರೋಪಿನ ಕಾನೂನು ಜಿಡಿಪಿಆರ್‌ಗೆ ಒಂದೂವರೆ ಪುಟ ಕೊಟ್ಟಿದ್ದೀರಿ, ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರೇ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದರು ಅವರು. 80 ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಆಧಾರ್ ತೀರ್ಪನ್ನು ನೀವು ಓದಲೇಬೇಕು. ಸರ್ಕಾರದ ಸಹಾಯಧನ, ಸವಲತ್ತುಗಳಿಗೆ ಆಧಾರ್ ಕೇಳಬಹುದು ಎಂದು ಬಹುಮತದ ತೀರ್ಪು ಒಪ್ಪಿತು. ಜೊತೆಗೆ, ಬೆರಳಚ್ಚು ತಾಳೆಯಾಗದ ಕಾರಣಕ್ಕೆ ಯಾವ ಅರ್ಹರಿಗೂ ಸವಲತ್ತು ತಪ್ಪುವುದಿಲ್ಲ ಎಂದು ಕೇಂದ್ರ ಸರ್ಕಾರದ ಪರ ವಾದಿಸಿದ ಅಟಾರ್ನಿ ಜನರಲ್ ಕೊಟ್ಟ ಮಾತನ್ನು ದಾಖಲಿಸಿಕೊಂಡಿತು. ದಿಲ್ಲಿಯಲ್ಲಿ ಕೊಟ್ಟ ಆ ಮಾತು ನಿಮ್ಮೂರಿನ ರೇಷನ್ ಅಂಗಡಿಯ ತನಕ ಬಂತಾ? ಬರದಿದ್ದರೆ ಎಲ್ಲಿ ನಿಂತಿತು? ನೀವು ಬರೆಯಬೇಕಾದ ಲೇಖನ ಇದು. ಇದನ್ನು ಬರೆಯಲು ನಿಮ್ಮಷ್ಟು ಹತ್ತಿರ ಇರುವವರು ನಮಗೆ ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ವಿಷಯ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಲೇಖನದ ಜೊತೆ ಅಜ್ಜಿಯ ಆಧಾರ್ ಕಾರ್ಡಿನ ಫೋಟೊ ಕಳಿಸಿದ್ದೀರಿ. 12 ಅಂಕಿಯೂ ಕಾಣುತ್ತಿವೆ. ಅದನ್ನು ಅಳಿಸಿಬಿಟ್ಟಿದ್ದೇವೆ. ಕಳಿಸುವ ಮೊದಲು ಅವರನ್ನು ಕೇಳಿದ್ರಾ? ಖಾಸಗಿತನದ ಬಗ್ಗೆ ಬರೆಯುವವರು ಮೊದಲು ತಮ್ಮ ಮನೆಯವರ ಒಪ್ಪಿಗೆ ಕೇಳಬೇಕು. ಹೊಸ ಲೇಖನವನ್ನು ಅಜ್ಜಿಗೆ ಓದಿ ಹೇಳಿ. ಅವರು ಬೇಡ ಅಂದದ್ದನ್ನು, ಅದು ಎಷ್ಟೇ ಚೆನ್ನಾಗಿರಲಿ, ತೆಗೆಯಿರಿ.

1200 ಪದ ಸಾಕು. ಅಂಗಡಿಯವರು ಮತ್ತು ಆಹಾರ ನಿರೀಕ್ಷಕರು ಏನಂದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ಮುಗಿದ ಮೇಲೆ ನೇರವಾಗಿ ನನಗೇ ಕಳಿಸಿ.