ಡಿಸ್ಕ್ ಜಾರಿ ಕಾಲೆಲ್ಲ ಸೆಳೀತಿದೆ, ಕುಯ್ಯದೆ ವಾಸಿ ಆಗುತ್ತಾ?

ಪ್ರಶ್ನೆ: ಸರ್, ನಮ್ದು ಶಿಡ್ಲಘಟ್ಟದ ಹತ್ರ ಹಳ್ಳಿ, ರೇಷ್ಮೆ ಮಾಡ್ತೀವಿ. ನಮ್ಮೆಜಮಾನ್ರಿಗೆ 43 ವರ್ಷ, ಶುಗರ್ ಇದೆ. ಐದು ವಾರದ ಹಿಂದೆ ಸೊಪ್ಪಿನ ಹೊರೆ ಎತ್ತೋವಾಗ ಸೊಂಟ ಚಳಕ್ ಅಂತು, ಅವತ್ತಿಂದ ಎಡಗಾಲಲ್ಲಿ ಪಿರ್ರೆಯಿಂದ ಹಿಮ್ಮಡಿವರೆಗೂ ಕರೆಂಟ್ ಹೊಡ್ದಂಗೆ ಸೆಳೆತ. ಈಗ ಒಂಚೂರು ಕಮ್ಮಿ, ಆದ್ರೆ ಕೂತ್ಕೊಳ್ಳಕ್ಕಾಗಲ್ಲ. ಎಂಆರ್‌ಐನಲ್ಲಿ ಸೊಂಟದ ಕೊನೇ ಡಿಸ್ಕ್ (ಎಲ್5-ಎಸ್1) ಜಾರಿ ನರ ಒತ್ತಿದೆ ಅಂತ ಬಂದಿದೆ. ಒಬ್ರು ತಕ್ಷಣ ಆಪರೇಷನ್ ಅಂದ್ರು, ಊರಲ್ಲಿ ಕಾಲು ಮುಂದಾಗಿ ಹುಟ್ಟಿದೋರ ಹತ್ರ ಒದೆಸ್ಕೊಳ್ಳಿ ಅಂತಾರೆ. ಏನ್ ಮಾಡೋದು?

ಉತ್ತರ: ಅಮ್ಮಾ, ಮೊದ್ಲು ಒದೆಸೋದು ಬೇಡ. ಬರೀ ಸೊಂಟ ಹಿಡ್ಕೊಂಡಿದ್ರೆ ಅದು ತಾನಾಗೇ ಬಿಡುತ್ತೆ, ಹೆಸರು ಒದ್ದೋರಿಗೆ ಬರುತ್ತೆ, ಆದ್ರೆ ಡಿಸ್ಕ್ ಆಚೆ ಬಂದಿರೋ ಜಾಗಕ್ಕೆ ಒದೆ ಬಿದ್ರೆ ಇರೋ ನರಾನೂ ಹಾಳಾಗಬಹುದು.

ಎರಡು ಮೂಳೆ ಮಧ್ಯದ ಡಿಸ್ಕ್ ಒಳಗೆ ಲೋಳೆ ಥರದ ತಿರುಳಿರುತ್ತೆ, ಸುತ್ತಲಿನ ಪದರ ಹರಿದು ಅದು ಆಚೆ ಬಂದಾಗ ಪಕ್ಕದ ನರ ಒತ್ತುತ್ತೆ, ಬರೀ ಒತ್ತೋದಲ್ಲ, ನರಕ್ಕೆ ಉರಿಯೂತಾನೂ ತರುತ್ತೆ, ಸೆಳೆತ ಅಷ್ಟು ಜೋರಾಗಿರೋದು ಅದಕ್ಕೇ. ಆದ್ರೆ ಆಚೆ ಬಂದ ಆ ತಿರುಳನ್ನ ನಮ್ಮ ದೇಹವೇ ನಿಧಾನಕ್ಕೆ ಕರಗಿಸ್ತಾ ಬರುತ್ತೆ. ಸ್ಕ್ಯಾನಲ್ಲಿ ದೊಡ್ಡದಾಗಿ ಕಾಣೋ ತುಣುಕೇ ಎಷ್ಟೋ ಸಲ ಚೆನ್ನಾಗಿ ಕರಗುತ್ತೆ, ಹಂಗಾಗಿ ರಿಪೋರ್ಟ್ ನೋಡಿ ಹೆದರ್ಕೋಬೇಡಿ. ಬಹಳಷ್ಟು ಜನಕ್ಕೆ 6ರಿಂದ 12 ವಾರದಲ್ಲಿ ನೋವು ಇಳಿಯುತ್ತೆ. ನಿಮ್ಮೆಜಮಾನ್ರಿಗೆ ಐದೇ ವಾರ ಆಗಿರೋದು, ಅದ್ರಲ್ಲೂ ಕಮ್ಮಿ ಆಗ್ತಿದೆ ಅಂತೀರಿ, ನನಗೆ ಅದು ಒಳ್ಳೇ ಲಕ್ಷಣ.

ಇವತ್ತೇ ಒಂದು ಪರೀಕ್ಷೆ ಮಾಡಿ. ಗೋಡೆ ಹಿಡ್ಕೊಂಡು ಬರೀ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ, ಆಮೇಲೆ ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ. ಎಡಗಾಲು ಸೋತು ಕೆಳಗೆ ಬೀಳ್ತಿದ್ರೆ ನರದ ಶಕ್ತಿ ಕುಂದ್ತಿದೆ ಅಂತ, ಆಗ ಕಾಯಬೇಡಿ, ಬೇಗ ತೋರಿಸಿ. ಇನ್ನೊಂದು ಇದಕ್ಕಿಂತ ಮುಖ್ಯ, ಉಚ್ಚೆ ಕಟ್ಟಿದ್ರೆ ಅಥವಾ ಗೊತ್ತಾಗ್ದೇ ಹೋದ್ರೆ, ತೊಡೆ ಸಂದಿ, ಮಲದ್ವಾರದ ಸುತ್ತ ಜೋಮು ಹಿಡಿದ್ರೆ, ಸೆಳೆತ ಎರಡೂ ಕಾಲಿಗೆ ಬಂದ್ರೆ, ಅವತ್ತೇ, ರಾತ್ರಿ ಆದ್ರೂ ಸರಿ, 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಹೊರಡಿ. ಆಗ ಆಪರೇಷನ್ ಬೇಡ ಅನ್ನೋ ಮಾತೇ ಇಲ್ಲ, ತಡ ಮಾಡಿದ್ರೆ ಉಚ್ಚೆ ಹಿಡಿತ ವಾಪಸ್ ಬರ್ದೇ ಹೋಗಬಹುದು.

ಇದ್ಯಾವುದೂ ಇಲ್ಲ ಅಂದ್ರೆ ಮಲಗಿಸಿಬಿಡಬೇಡಿ. ನೋವು ಜೋರಿದ್ದಾಗ ಒಂದೆರಡು ದಿನ ರೆಸ್ಟ್ ಸಾಕು, ಆಮೇಲೆ ಐದೈದು ನಿಮಿಷ ಅಂಗಳದಲ್ಲೇ ನಡೀಲಿ, ದಿನಕ್ಕೆ ನಾಲ್ಕೈದು ಸಲ. ಮಲಗೋವಾಗ ಮಂಡಿ ಕೆಳಗೆ ದಿಂಬು. ವ್ಯಾಯಾಮಾನ ಫಿಸಿಯೋಥೆರಪಿಯವರ ಹತ್ರ ಒಂದ್ಸಲ ನೋಡಿ ಕಲೀರಿ, ಮೊಬೈಲ್ ನೋಡ್ಕೊಂಡು ಮಾಡೋದು ಬೇಡ. ನೋವಿನ ಮಾತ್ರೆ ಅಂಗಡೀಲಿ ಕೇಳಿ ತಿಂಗಳುಗಟ್ಲೆ ನುಂಗಬೇಡಿ, ಶುಗರ್ ಇರೋರ ಕಿಡ್ನಿಗೆ ಅದು ಒಳ್ಳೇದಲ್ಲ.

ಇನ್ನೂ ತಡೆಯಕ್ಕಾಗಲ್ಲ ಅಂದ್ರೆ ಎಕ್ಸ್‌ರೇ ನೋಡ್ಕೊಂಡು ನರದ ಹತ್ರ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಅದು ಡಿಸ್ಕನ್ನ ಒಳಗೆ ತಳ್ಳಲ್ಲ, ದೇಹ ತನ್ನ ಕೆಲಸ ಮಾಡೋವರೆಗೂ ಕೆಲವರಿಗೆ ಕೆಲವು ವಾರ ನೋವು ಇಳಿಸುತ್ತೆ ಅಷ್ಟೆ. ಕೊಡಿಸಿದ್ರೆ ಕೆಲವು ದಿನ ಶುಗರ್ ಏರುತ್ತೆ, ದಿನಾ ಚೆಕ್ ಮಾಡಿ. ಎರಡು ಮೂರು ತಿಂಗಳಾದ್ರೂ ಸೆಳೆತ ಬಿಡ್ಲಿಲ್ಲ ಅಂದ್ರೂ ಬೆನ್ನು ಅಗಲವಾಗಿ ಕುಯ್ಯೋದೇನಿಲ್ಲ, ಮೈಕ್ರೋಸ್ಕೋಪಲ್ಲಿ ಎರಡು ಮೂರು ಸೆಂಟಿಮೀಟರ್ ಗಾಯ, ಎಂಡೋಸ್ಕೋಪಲ್ಲಿ ಸುಮಾರು ಒಂದು ಸೆಂಟಿಮೀಟರ್, ಆ ತುಣುಕಷ್ಟೇ ತೆಗೀತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ 283 ಜನರ ಮೇಲೆ ಮಾಡಿ 2007ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ಬೇಗ ಆಪರೇಷನ್ ಆದೋರಿಗೆ ನೋವು ಬೇಗ ಹೋಯ್ತು, ಆದ್ರೆ ಒಂದು ವರ್ಷಕ್ಕೆ ಕಾದು ನೋಡ್ದೋರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿದ್ರು. ಹಂಗಾಗಿ ಕಾಲಲ್ಲಿ ಶಕ್ತಿ ಇರೋವರೆಗೂ 'ತಕ್ಷಣ' ಅನ್ನೋ ಮಾತಿಗೆ ಗಾಬರಿಯಾಗಿ ದುಡ್ಡು ಕಟ್ಟಬೇಡಿ.

ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಮೇಲೆ ರೇಷ್ಮೆ ಹುಳ ಎಷ್ಟು ಸೊಪ್ಪು ತಿನ್ನುತ್ತೆ ಅಂತ ನಿಮಗೇ ಗೊತ್ತು, ಆ ವಾರ ಹೊರೆ ಹೊರೋದು ಅವರ ಕೈಲಾಗಲ್ಲ. ಮುಂದಿನ ಬೆಳೆಗೆ ನೂರು ಮೊಟ್ಟೆ ಬದ್ಲು ಐವತ್ತೇ ತಗೊಳ್ಳಿ, ಸೊಪ್ಪಿಗೆ ಒಬ್ಬ ಆಳು ಇಟ್ಕೊಳ್ಳಿ, ಅವ್ರು ನಿಂತ್ಕೊಂಡು ಮೇಲಿನ ತಟ್ಟೆಗಳಿಗೆ ಸೊಪ್ಪು ಹಾಕಲಿ, ಕೆಳಗಿನ ತಟ್ಟೆ ನೀವು ನೋಡ್ಕೊಳ್ಳಿ.